ವಿದ್ಯುತ್ ನೀತಿ, ನ್ಯಾಯ ಮತ್ತು ವಿಳಂಬ: ಇನ್ನಂಜೆ ಪರಿಸರದ ಒಂದು ಅಧ್ಯಯನ

ವಿದ್ಯುಚ್ಛಕ್ತಿಯು ಇಂದು ಉದ್ಯಮದ ಕಚ್ಚಾವಸ್ತುಗಳಲ್ಲಿ ಒಂದು. ಅಕ್ಕಿ ಗಿರಣಿ, ಗೋಡಂಬಿ ಕಾರ್ಖಾನೆ, ಮಂಜುಗಡ್ಡೆ ಘಟಕ, ಮುದ್ರಣಾಲಯ, ವೆಲ್ಡಿಂಗ್ ಶೆಡ್ಡು ಇವುಗಳಲ್ಲಿ ಯಾವುದೂ ಅದಿಲ್ಲದೆ ಒಂದು ದಿನವೂ ನಡೆಯಲಾರದು. ಆದರೆ ಈ ಕಚ್ಚಾವಸ್ತುವಿನ ಬೆಲೆ, ಅದನ್ನು ಉತ್ಪಾದಿಸುವ ಸ್ಥಳ, ಅದನ್ನು ಸಾಗಿಸುವ ಮಾರ್ಗ ಈ ಮೂರನ್ನೂ ಬಳಕೆದಾರನು ನಿರ್ಧರಿಸುವುದಿಲ್ಲ. ನಿರ್ಧಾರವು ಬೇರೆಡೆ ಆಗುತ್ತದೆ. ಅದರ ಪರಿಣಾಮ ಮಾತ್ರ ಊರಿಗೆ ಬರುತ್ತದೆ. ಪರಿಣಾಮದಿಂದ ನೊಂದವನು ನ್ಯಾಯವನ್ನು ಕೇಳಹೊರಟಾಗ ವರ್ಷಗಳೇ ಕಳೆಯುತ್ತವೆ. ನಾಗರಿಕರ ಅಸಮಾಧಾನದ ಮೂಲವು ಇಲ್ಲಿದೆ. ಈ ಅಸಮಾಧಾನವನ್ನು ಬರಿಯ ಮಾತಿನಲ್ಲಿ ಮುಗಿಸದೆ, ಅದರ ಕಾರಣಗಳನ್ನು ಒಂದು ನಿರ್ದಿಷ್ಟ ಪ್ರದೇಶದ ಅನುಭವದಿಂದ ಅರಿತುಕೊಳ್ಳುವುದು ಈ ಲೇಖನದ ಉದ್ದೇಶ.

ಪ್ರದೇಶದ ಪರಿಚಯ

ಇನ್ನಂಜೆಯು ಉಡುಪಿ ಜಿಲ್ಲೆಯ ಕಾಪು ತಾಲೂಕಿನ ಒಂದು ಗ್ರಾಮ. ಕೊಂಕಣ ರೈಲು ಮಾರ್ಗದಲ್ಲಿ ಪಡುಬಿದ್ರಿ ಮತ್ತು ಉಡುಪಿ ನಿಲ್ದಾಣಗಳ ನಡುವೆ ಇದರ ಹೆಸರಿನ ನಿಲ್ದಾಣವಿದೆ. ಪಕ್ಕದ ಶಂಕರಪುರವು ಮಲ್ಲಿಗೆ ಮಾರುಕಟ್ಟೆಗೆ ಹೆಸರಾದುದು. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಉಡುಪಿ ಮಲ್ಲಿಗೆಯ ದರವು ಇಲ್ಲಿಯ ಕಟ್ಟೆಯಲ್ಲಿ ದಿನಂಪ್ರತಿ ಅಟ್ಟೆಯ ಲೆಕ್ಕದಲ್ಲಿ ನಿಗದಿಯಾಗುತ್ತದೆ. ನೂರಾರು ಮನೆಗಳಿಗೆ ಅಂಗಳದ ಹತ್ತಿಪ್ಪತ್ತು ಗಿಡಗಳೇ ನಿತ್ಯದ ಆದಾಯ. ಹೂವು ಕೊಯ್ಯುವವರು, ಕಟ್ಟುವವರು, ಮುಂಬಯಿಗೆ ಕಳುಹಿಸುವವರು ಎಲ್ಲರೂ ಒಂದು ಸಣ್ಣ ವಾಣಿಜ್ಯ ಸರಪಳಿಯ ಕೊಂಡಿಗಳು.

ಇದೇ ಗ್ರಾಮದಿಂದ ಕೆಲವೇ ಕಿಲೋಮೀಟರು ದಕ್ಷಿಣಕ್ಕೆ ಎಲ್ಲೂರಿನಲ್ಲಿ 1,200 ಮೆಗಾವ್ಯಾಟ್ ಸಾಮರ್ಥ್ಯದ ಉಷ್ಣ ವಿದ್ಯುತ್ ಸ್ಥಾವರವಿದೆ. ಆಮದು ಕಲ್ಲಿದ್ದಲು ಪಣಂಬೂರಿನ ನವಮಂಗಳೂರು ಬಂದರಿನಲ್ಲಿ ಇಳಿದು ರೈಲಿನ ಮೂಲಕ ಇಲ್ಲಿಗೆ ತಲುಪುತ್ತದೆ; ತಂಪುಗೊಳಿಸುವ ನೀರು ಅರಬ್ಬೀ ಸಮುದ್ರದಿಂದ ಕೊಳವೆಯಲ್ಲಿ ಬರುತ್ತದೆ. ಒಂದೆಡೆ ರಾಜ್ಯಕ್ಕೆ ಬೇಕಾದ ವಿದ್ಯುತ್, ಇನ್ನೊಂದೆಡೆ ಬಾವಿಯ ನೀರು ಮತ್ತು ಮಲ್ಲಿಗೆಯ ಮೊಗ್ಗು. ಈ ಎರಡರ ನಡುವಿನ ವ್ಯಾಜ್ಯವು ಕಾಲು ಶತಮಾನಕ್ಕೂ ಮಿಕ್ಕಿ ನಡೆದು ಬಂದಿದೆ.

ನಿರ್ಧಾರಗಳ ಇತಿಹಾಸ

1991ರ ಆರ್ಥಿಕ ಸುಧಾರಣೆಯ ಬೆನ್ನಿಗೇ ವಿದ್ಯುತ್ ಉತ್ಪಾದನೆಯು ಖಾಸಗಿಯವರಿಗೆ ತೆರೆಯಲ್ಪಟ್ಟಿತು. ಕೇಂದ್ರ ಸರಕಾರವು ಪ್ರತಿಖಾತರಿ ನೀಡಲು ಒಪ್ಪಿದ ಎಂಟು ಶೀಘ್ರಗತಿ ಯೋಜನೆಗಳಲ್ಲಿ ಒಂದು ಅಮೆರಿಕದ ಕೊಜೆಂಟ್ರಿಕ್ಸ್ ಸಂಸ್ಥೆಯದಾಗಿದ್ದು, ಅದಕ್ಕೆ ನಂದಿಕೂರು ಸ್ಥಳವಾಗಿ ಗೊತ್ತಾಯಿತು. ಸ್ಥಳೀಯ ವಿರೋಧವೂ ನ್ಯಾಯಾಲಯದ ವ್ಯಾಜ್ಯಗಳೂ ಬೆಳೆದವು. 1999ರ ಡಿಸೆಂಬರಿನಲ್ಲಿ, ವಿಳಂಬವನ್ನು ಕಾರಣವಾಗಿ ನೀಡಿ ಆ ಸಂಸ್ಥೆಯು ಹಿಂದೆ ಸರಿಯಿತು. ಶೀಘ್ರಗತಿಯೆಂದು ಹೆಸರಾದ ಯೋಜನೆಯಿಂದ ಒಂದು ಯೂನಿಟ್ ವಿದ್ಯುತ್ತೂ ಹುಟ್ಟಲಿಲ್ಲ.

ಇದೇ ಅವಧಿಯಲ್ಲಿ ನಾಗಾರ್ಜುನ ಸಂಸ್ಥೆಯ 1,015 ಮೆಗಾವ್ಯಾಟ್ ಯೋಜನೆಗೆ 1997ರ ಮಾರ್ಚ್ ತಿಂಗಳಲ್ಲಿ ಕೇಂದ್ರದ ಪರಿಸರ ಅನುಮತಿ ದೊರೆಯಿತು. ಇಲ್ಲಿ ಗಮನಿಸತಕ್ಕ ಒಂದು ಸಂಗತಿಯಿದೆ. ಪರಿಸರ ಪರಿಣಾಮ ಅಧಿಸೂಚನೆಗೆ ತಿದ್ದುಪಡಿಯಾಗಿ ಸಾರ್ವಜನಿಕ ಅಹವಾಲು ಸಭೆಯು ಕಡ್ಡಾಯವಾದುದು 1997ರ ಏಪ್ರಿಲ್ 10ರಂದು. ಅನುಮತಿಯು ಮುಂಚೆ, ಜನರನ್ನು ಕೇಳಬೇಕೆಂಬ ನಿಯಮ ಕೆಲವೇ ವಾರಗಳ ಅನಂತರ. ಮುಂದೆ ಈ ಯೋಜನೆಯು ಲ್ಯಾಂಕೋ ಸಮೂಹದ ಕೈಸೇರಿತು. ಸಾಮರ್ಥ್ಯವು 1,200 ಮೆಗಾವ್ಯಾಟಿಗೆ ಏರಿತು. 600 ಮೆಗಾವ್ಯಾಟಿನ ಮೊದಲನೆಯ ಘಟಕವು 2010ರ ನವೆಂಬರಿನಲ್ಲಿಯೂ ಎರಡನೆಯದು 2012ರ ಆಗಸ್ಟಿನಲ್ಲಿಯೂ ವಾಣಿಜ್ಯ ಉತ್ಪಾದನೆಯನ್ನು ಆರಂಭಿಸಿದವು. 2015ರಲ್ಲಿ ಸ್ಥಾವರವು ಅದಾನಿ ಸಮೂಹದ ಒಡೆತನಕ್ಕೆ ಬಂತು. ಅನುಮತಿ ಪಡೆದವರು, ಕಟ್ಟಿದವರು, ನಡೆಸುವವರು ಹೀಗೆ ಮೂವರು. ದೂರು ಕೊಡುವ ಗ್ರಾಮಸ್ಥರು ಮಾತ್ರ ಅವರೇ.

ಯೋಜನೆಯ ಪರವಾದ ವಾದವನ್ನೂ ನ್ಯಾಯವಾಗಿ ಹೇಳಬೇಕು. ಆ ದಶಕದಲ್ಲಿ ರಾಜ್ಯದಲ್ಲಿ ವಿದ್ಯುತ್ ಕೊರತೆ ತೀವ್ರವಾಗಿತ್ತು. ಮಳೆ ಕೈಕೊಟ್ಟ ವರ್ಷ ಶರಾವತಿಯ ಜಲವಿದ್ಯುತ್ತೂ ಕೈಕೊಡುತ್ತಿತ್ತು. ಲೋಡ್ ಶೆಡ್ಡಿಂಗಿನಿಂದ ಸಣ್ಣ ಕೈಗಾರಿಕೆಗಳು ಡೀಸೆಲ್ ಜನರೇಟರಿಗೆ ಮೊರೆಹೋಗಿ ನಷ್ಟಪಟ್ಟದ್ದನ್ನು ಹಿರಿಯ ಉದ್ಯಮಿಗಳು ಮರೆತಿಲ್ಲ. ಎಲ್ಲೂರಿನ ವಿದ್ಯುತ್ತಿನ ಬಹುಪಾಲು ಕರ್ನಾಟಕಕ್ಕೇ ಗೊತ್ತಾಗಿತ್ತು. ಆದುದರಿಂದ ವಿದ್ಯುತ್ ಬೇಕೇ ಬೇಡವೇ ಎಂಬುದು ಇಲ್ಲಿಯ ಪ್ರಶ್ನೆಯಲ್ಲ. ಅದರ ವೆಚ್ಚವನ್ನು ಯಾರು ಹೊರಬೇಕು, ಹೊರುವವನ ಮಾತನ್ನು ಯಾವಾಗ ಕೇಳಬೇಕು ಎಂಬುದೇ ಪ್ರಶ್ನೆ.

ನ್ಯಾಯವು ನಡೆದ ದಾರಿ

ಸ್ಥಾವರವು ಆರಂಭವಾದಂದಿನಿಂದ ಹಾರುಬೂದಿ, ಬಾವಿ ನೀರಿನ ಉಪ್ಪು, ಮಲ್ಲಿಗೆ ಹಾಗೂ ಭತ್ತದ ಇಳುವರಿಯ ಕುಸಿತ ಇವುಗಳ ಬಗ್ಗೆ ಸುತ್ತಲಿನ ಗ್ರಾಮಗಳವರು ದೂರುತ್ತ ಬಂದರು. ಪೇಜಾವರ ಮಠದ ಶ್ರೀ ವಿಶ್ವೇಶತೀರ್ಥರು ಬಹಿರಂಗವಾಗಿ ಯೋಜನೆಯನ್ನು ವಿರೋಧಿಸಿದ್ದರು. ನಂದಿಕೂರಿನ ಜನಜಾಗೃತಿ ಸಮಿತಿಯು ಕಾನೂನಿನ ಮಾರ್ಗವನ್ನು ಹಿಡಿಯಿತು.

ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಸ್ಥಾಪನೆಯಾದುದು 2010ರ ಅಕ್ಟೋಬರ್ 18ರಂದು. ಆ ವೇಳೆಗೆ ಎಲ್ಲೂರಿನ ಚಿಮಣಿಯು ಎದ್ದು ನಿಂತಾಗಿತ್ತು. ಅರ್ಜಿಯನ್ನು ಆರು ತಿಂಗಳೊಳಗೆ ಇತ್ಯರ್ಥಪಡಿಸಲು ಪ್ರಯತ್ನಿಸತಕ್ಕದ್ದೆಂದು ಆ ಕಾಯಿದೆಯ 18ನೆಯ ಕಲಮು ಹೇಳುತ್ತದೆ. ನ್ಯಾಯಮಂಡಳಿಯು 2019ರ ಮಾರ್ಚಿನಲ್ಲಿ ಕಂಪೆನಿಯು ಮಧ್ಯಂತರ ಪರಿಸರ ಪರಿಹಾರವಾಗಿ 5 ಕೋಟಿ ರೂಪಾಯಿಗಳನ್ನು ಠೇವಣಿಯಿಡುವಂತೆ ಆದೇಶಿಸಿ, ಹಾನಿಯ ಅಂದಾಜಿಗೆ ತಜ್ಞರ ಸಮಿತಿಯನ್ನು ನೇಮಿಸಿತು. 2022ರ ಮೇ ಅಂತ್ಯದಲ್ಲಿ 52.02 ಕೋಟಿ ರೂಪಾಯಿಗಳ ಪರಿಸರ ಪರಿಹಾರವನ್ನು ವಿಧಿಸಿತು. ಇಂತಹ ಆದೇಶದ ಮೇಲೆ 90 ದಿನಗಳೊಳಗೆ ಸರ್ವೋಚ್ಚ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸುವ ಹಕ್ಕನ್ನು ಕಾಯಿದೆಯು ಉಭಯ ಪಕ್ಷಗಳಿಗೂ ಕೊಟ್ಟಿದೆ.

ಮೊದಲ ಘಟಕದ ಆರಂಭದಿಂದ ಪರಿಹಾರದ ಆದೇಶದವರೆಗೆ ಹನ್ನೊಂದು ವರ್ಷಗಳಿಗೂ ಹೆಚ್ಚು ಕಾಲ ಸಂದಿತು. ನ್ಯಾಯಮಂಡಳಿಯು ಹಾನಿಯನ್ನು ಗುರುತಿಸಿದ್ದು ಸಣ್ಣ ಮಾತಲ್ಲ. ಆದರೆ ಮಲ್ಲಿಗೆ ಗಿಡವೊಂದರ ಫಲಕಾಲಕ್ಕೆ ಹನ್ನೊಂದು ವರ್ಷ ಬಹು ದೀರ್ಘ. ಬಾವಿ ಉಪ್ಪಾದ ಮನೆಯು ಅಷ್ಟು ವರ್ಷ ಟ್ಯಾಂಕರಿನ ನೀರನ್ನು ಕಾದಿರಲಾರದು. ಇದಲ್ಲದೆ ಪರಿಸರ ಪರಿಹಾರವೆಂಬುದು ಮುಖ್ಯವಾಗಿ ಪರಿಸರದ ಪುನಶ್ಚೇತನಕ್ಕಾಗಿ ವಿಧಿಸುವ ಮೊತ್ತ. ಒಬ್ಬೊಬ್ಬ ಕೃಷಿಕನ ನಷ್ಟವು ಅದರಿಂದ ತಾನಾಗಿ ಭರ್ತಿಯಾಗುವುದಿಲ್ಲ. ಅದಕ್ಕೆ ಅವನವನ ನಷ್ಟದ ಪುರಾವೆಯು ಪ್ರತ್ಯೇಕವಾಗಿ ಬೇಕು.

ತಂತಿ ಹಾಯುವ ಜಮೀನು

ಉತ್ಪಾದನೆಯಂತೆಯೇ ಸಾಗಾಣಿಕೆಯೂ ವ್ಯಾಜ್ಯಕ್ಕೆ ಎಡೆಮಾಡಿದೆ. ಉಡುಪಿಯಿಂದ ಕಾಸರಗೋಡು ಜಿಲ್ಲೆಗೆ ಯೋಜಿಸಲಾದ 400 ಕಿಲೋವೋಲ್ಟ್ ಮಾರ್ಗಕ್ಕೆ ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ಕೃಷಿಕರು ತೀವ್ರ ಪ್ರತಿಭಟನೆ ತೋರಿದ್ದಾರೆ. ಭೂಸ್ವಾಧೀನವಾದರೆ ಪರಿಹಾರದ ಕ್ರಮ ಸ್ಪಷ್ಟವಿದೆ, ಹಾಗಿರುವಾಗ ಇಲ್ಲೇಕೆ ಗೊಂದಲ ಎಂದು ಹಲವರು ಕೇಳುವುದುಂಟು. ಕಾರಣವು ಕಾನೂನಿನಲ್ಲಿಯೇ ಇದೆ. 2003ರ ವಿದ್ಯುಚ್ಛಕ್ತಿ ಕಾಯಿದೆಯ 164ನೆಯ ಕಲಮಿನ ಪ್ರಕಾರ ಸರಕಾರವು ವಿದ್ಯುತ್ ಮಾರ್ಗ ಹಾಕುವವರಿಗೆ 1885ರ ಟೆಲಿಗ್ರಾಫ್ ಕಾಯಿದೆಯ ಅಧಿಕಾರಗಳನ್ನು ವಹಿಸಿಕೊಡಬಹುದು. ಆ ಕಾಯಿದೆಯ 10ನೆಯ ಕಲಮಿನಡಿ ಭೂಮಿಯ ಒಡೆತನವು ಹೋಗುವುದಿಲ್ಲ; ಬಳಕೆಯ ಹಕ್ಕು ಮಾತ್ರ ಮಾರ್ಗದವರಿಗೆ ಲಭಿಸುತ್ತದೆ. ಪಹಣಿಯಲ್ಲಿ ಹೆಸರು ಮಾಲೀಕನದೇ ಇರುತ್ತದೆ, ಆದರೆ ತಂತಿಯ ಕೆಳಗೆ ತೆಂಗು ಬೆಳೆಸುವಂತಿಲ್ಲ, ಶೆಡ್ಡು ಕಟ್ಟುವಂತಿಲ್ಲ. ಬ್ಯಾಂಕಿನವರು ಅಂತಹ ಜಮೀನನ್ನು ಅಡಮಾನಕ್ಕೆ ಪಡೆಯಲು ಹಿಂಜರಿಯುವುದು ಸಹಜ.

ಕೇಂದ್ರದ 2015ರ ಮಾರ್ಗಸೂಚಿಯು ಗೋಪುರದ ತಳಭಾಗಕ್ಕೆ ಭೂಮಿಯ ಮೌಲ್ಯದ ಶೇ. 85ನ್ನೂ ತಂತಿಯ ಪಟ್ಟಿಗೆ ಗರಿಷ್ಠ ಶೇ. 15ನ್ನೂ ಸೂಚಿಸಿತ್ತು. 2024ರ ಜೂನ್ ತಿಂಗಳ ಮಾರ್ಗಸೂಚಿಯು ಇದನ್ನು ಕ್ರಮವಾಗಿ ಶೇ. 200 ಮತ್ತು ಶೇ. 30ಕ್ಕೆ ಏರಿಸಿತು, ಇದನ್ನು ಅಂಗೀಕರಿಸುವುದು ರಾಜ್ಯಗಳಿಗೆ ಬಿಟ್ಟದ್ದು. ಪರಿಹಾರದ ಮೊತ್ತವು ಸಾಲದೆಂದು ಕಂಡರೆ ಟೆಲಿಗ್ರಾಫ್ ಕಾಯಿದೆಯ 16ನೆಯ ಕಲಮಿನಡಿ ಜಿಲ್ಲಾ ನ್ಯಾಯಾಧೀಶರಲ್ಲಿ ಅರ್ಜಿ ಸಲ್ಲಿಸಬಹುದು. ಆದರೆ ಇಲ್ಲಿಯೂ ಅದೇ ಕ್ರಮವನ್ನು ಕಾಣಬಹುದು: ಗೋಪುರವು ಮೊದಲು, ಮೊತ್ತದ ವಾದವು ಆಮೇಲೆ.

ದರಪಟ್ಟಿಯ ಪಾಠ

ಸ್ಥಾವರದಿಂದಾಗಲಿ ತಂತಿಯಿಂದಾಗಲಿ ದೂರವಿರುವ ವರ್ತಕನು ಇದು ತನ್ನ ವಿಷಯವಲ್ಲವೆಂದು ಭಾವಿಸಬಾರದು. ಅದೇ ಕ್ರಮವು ಅವನ ಬಿಲ್ಲಿನಲ್ಲಿಯೂ ಇದೆ.

ವಿದ್ಯುತ್ ಖರೀದಿಯ ಒಪ್ಪಂದಗಳಲ್ಲಿ ಸಾಮಾನ್ಯವಾಗಿ ದರವು ಎರಡು ಭಾಗದ್ದು. ಒಂದು, ಸ್ಥಾವರದ ಸಾಮರ್ಥ್ಯಕ್ಕೆ ಕೊಡುವ ಸ್ಥಿರ ಶುಲ್ಕ. ಇದು ಗೋದಾಮಿನ ಬಾಡಿಗೆಯಂತೆ, ಸರಕು ಇಟ್ಟರೂ ಇಡದಿದ್ದರೂ ಕೊಡತಕ್ಕದ್ದು. ಇನ್ನೊಂದು, ಉರಿಸಿದ ಇಂಧನದ ವೆಚ್ಚ. ಆಮದು ಕಲ್ಲಿದ್ದಲಿನ ಬೆಲೆಯಾಗಲಿ ಡಾಲರಿನ ದರವಾಗಲಿ ಏರಿದರೆ ಆ ಏರಿಕೆಯು ಹಂತಹಂತವಾಗಿ ಬಳಕೆದಾರನನ್ನು ತಲುಪುತ್ತದೆ. ಸಹಿಯಾದುದು ಯಾವುದೋ ವರ್ಷ. ಪಾವತಿಯು ಇಪ್ಪತ್ತೈದು ವರ್ಷಗಳವರೆಗೂ ನಡೆಯಬಹುದು.

2023ರ ಮೇ ತಿಂಗಳಲ್ಲಿ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಯೂನಿಟ್ಟಿಗೆ ಸರಾಸರಿ 70 ಪೈಸೆಗಳ ಏರಿಕೆಯನ್ನು ಮಂಜೂರು ಮಾಡಿತು. ಇಂಧನ ಹೊಂದಾಣಿಕೆ ಶುಲ್ಕವೂ ಸೇರಿ ಬಿಲ್ಲುಗಳು ಬಂದಾಗ ಉದ್ಯಮಿಗಳು ಬೆಚ್ಚಿದರು. ಹುಬ್ಬಳ್ಳಿಯ ಕರ್ನಾಟಕ ವಾಣಿಜ್ಯೋದ್ಯಮ ಸಂಸ್ಥೆಯ ಕರೆಯಂತೆ ಅದೇ ವರ್ಷ ಜೂನ್ 22ರಂದು ಉದ್ಯಮ ಬಂದ್ ನಡೆಯಿತು. ಪ್ರತಿಭಟನೆಯು ಸಕಾರಣವೇ. ಆದರೆ ಅದು ನಡೆದದ್ದು ಆದೇಶವಾದ ಮೇಲೆ. ಅರ್ಜಿಯ ಮೇಲಿನ ಆಕ್ಷೇಪಣೆಗೆ ಇದ್ದ ಅವಧಿಯು ಅಷ್ಟರಲ್ಲಿ ಮುಗಿದಿತ್ತು.

2025ರ ಮಾರ್ಚಿನಲ್ಲಿ ಆಯೋಗವು 2025-26ರಿಂದ 2027-28ರವರೆಗಿನ ಮೂರು ವರ್ಷಗಳ ದರವನ್ನು ಒಮ್ಮೆಗೇ ನಿಗದಿಪಡಿಸಿತು. ವಿದ್ಯುತ್ ಸಂಸ್ಥೆಗಳ ನೌಕರರ ಪಿಂಚಣಿ ಮತ್ತು ಉಪದಾನದ ಬಾಬ್ತು ಮೊದಲ ವರ್ಷ ಯೂನಿಟ್ಟಿಗೆ 36 ಪೈಸೆಗಳ ಅಧಿಭಾರವು ಬಿಲ್ಲಿಗೆ ಸೇರಿತು. ತಿಂಗಳಿಗೆ 5,000 ಯೂನಿಟ್ ಬಳಸುವ ಒಂದು ಘಟಕಕ್ಕೆ ಇದೊಂದರಿಂದಲೇ ತಿಂಗಳಿಗೆ 1,800 ರೂಪಾಯಿ, ವರ್ಷಕ್ಕೆ 21,600 ರೂಪಾಯಿ ಹೊರೆ. ದರವನ್ನು ಮೂರು ವರ್ಷಗಳಿಗೆ ಒಮ್ಮೆಗೇ ಗೊತ್ತುಪಡಿಸುವಾಗ, ಒಂದು ವಿಚಾರಣೆಗೆ ಗೈರುಹಾಜರಾದ ಉದ್ಯಮಿಯು ಮೂರು ವರ್ಷಗಳ ಲೆಕ್ಕದಲ್ಲಿ ಗೈರುಹಾಜರಾದಂತೆಯೇ ಸರಿ.

ಅಧ್ಯಯನದಿಂದ ತಿಳಿದುಬರುವುದೇನು?

ಮೇಲಿನ ಮೂರೂ ಸಂದರ್ಭಗಳನ್ನು ಒಟ್ಟಾಗಿ ನೋಡಿದರೆ ಒಂದು ಸಮಾನ ಅಂಶವು ಗೋಚರಿಸುತ್ತದೆ. ಕಾನೂನಿನಲ್ಲಿ ಪರಿಹಾರವಿಲ್ಲವೆಂಬುದು ನಿಜವಲ್ಲ. ಪರಿಹಾರವಿದೆ, ಆದರೆ ಅದರ ಬಹುಪಾಲು ನಿರ್ಧಾರದ ಅನಂತರ ಬರುವಂತಹುದು, ಅಷ್ಟರಲ್ಲಿ ಸ್ಥಾವರವೋ ಗೋಪುರವೋ ಬಿಲ್ಲೋ ಸ್ಥಿರವಾಗಿರುತ್ತದೆ. ಅದಕ್ಕೆ ಮುಂಚೆ ಮಾತನಾಡುವ ಅವಕಾಶವು ಅಗ್ಗವಾದುದು, ಆದರೆ ಅಲ್ಪಕಾಲದ್ದು. ಪತ್ರಿಕೆಯ ಒಳಪುಟದ ಸಣ್ಣ ಪ್ರಕಟಣೆಯಲ್ಲಿ ಅದು ಬಂದು ಹೋಗುತ್ತದೆ. ಸರಕಾರಗಳು ಈ ಅವಕಾಶವನ್ನು ಹಿಗ್ಗಿಸಬೇಕು, ನ್ಯಾಯಮಂಡಳಿಗಳು ಕಾಯಿದೆ ಹೇಳಿದ ಅವಧಿಯನ್ನು ಪಾಲಿಸಬೇಕು ಎಂಬ ಒತ್ತಾಯವು ಯುಕ್ತವಾದುದು. ಆ ಸುಧಾರಣೆಯು ಬರುವವರೆಗೆ ಇರುವ ಅವಧಿಗಳನ್ನು ಅರಿತಿರುವುದು ವರ್ತಕರ ಸ್ವಂತ ಹಿತದ ವಿಷಯ. ಮುಖ್ಯವಾದವು ಇಂತಿವೆ.

1. ಪರಿಸರ ಅನುಮತಿ: 2006ರ ಅಧಿಸೂಚನೆಯಂತೆ ಸಾರ್ವಜನಿಕ ಅಹವಾಲಿಗೆ ಕನಿಷ್ಠ 30 ದಿನಗಳ ಮುನ್ಸೂಚನೆ ಕೊಡತಕ್ಕದ್ದು. ಲಿಖಿತ ಆಕ್ಷೇಪಣೆಯನ್ನೂ ಸಲ್ಲಿಸಬಹುದು. ಅನುಮತಿಯ ವಿರುದ್ಧ ಹಸಿರು ನ್ಯಾಯಮಂಡಳಿಗೆ 30 ದಿನಗಳೊಳಗೆ ಮೇಲ್ಮನವಿ. ಸಕಾರಣವಿದ್ದರೆ ಮತ್ತೆ 60 ದಿನಗಳವರೆಗೆ ವಿನಾಯಿತಿ. ಆಮೇಲೆ ಬಾಗಿಲು ಮುಚ್ಚುತ್ತದೆ.

2. ಹಾನಿಯ ಪರಿಹಾರ: ಹಾನಿಯ ಕಾರಣ ಮೊದಲು ಉಂಟಾದ ದಿನದಿಂದ ಐದು ವರ್ಷಗಳೊಳಗೆ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬೇಕು. ಪರಿಹಾರವನ್ನು ಕೇಳದ ಅರ್ಜಿಗೆ ಶುಲ್ಕ 1,000 ರೂಪಾಯಿ. ಕೇಳುವುದಾದರೆ ಮೊತ್ತದ ಶೇ. 1. ಬಾವಿ ನೀರಿನ ಪರೀಕ್ಷಾ ವರದಿ, ವರ್ಷವಾರು ಇಳುವರಿ ಹಾಗೂ ಮಾರಾಟದ ಚೀಟಿ, ದಿನಾಂಕ ನಮೂದಿಸಿದ ಛಾಯಾಚಿತ್ರ ಇವುಗಳನ್ನು ಹಾನಿಯು ಕಂಡ ದಿನದಿಂದಲೇ ಇಟ್ಟುಕೊಳ್ಳಬೇಕು. ಯೋಜನೆಯು ಬರುವ ಮುಂಚಿನ ಒಂದು ನೀರಿನ ವರದಿಯು ಅನಂತರದ ಹತ್ತು ವರದಿಗಳಿಗಿಂತ ಹೆಚ್ಚು ಬೆಲೆಯುಳ್ಳದ್ದು.

3. ದರ ಪರಿಷ್ಕರಣೆ: ಮೆಸ್ಕಾಂ ಮೊದಲಾದ ಕಂಪೆನಿಗಳು ಸಾಮಾನ್ಯವಾಗಿ ನವೆಂಬರ್ ಅಂತ್ಯದೊಳಗೆ ಆಯೋಗಕ್ಕೆ ಅರ್ಜಿ ಸಲ್ಲಿಸುತ್ತವೆ. ಅರ್ಜಿಯು ಪ್ರಕಟವಾದ ಮೇಲೆ ಆಕ್ಷೇಪಣೆಗೆ ಅವಧಿ ಕೊಟ್ಟು, ಬಳಿಕ ಬಹಿರಂಗ ವಿಚಾರಣೆ ನಡೆಯುತ್ತದೆ. ಆಕ್ಷೇಪಣೆಗೆ ವಕೀಲರು ಕಡ್ಡಾಯವಲ್ಲ. ಆಯೋಗದ ಆದೇಶದ ಮೇಲೆ ವಿದ್ಯುಚ್ಛಕ್ತಿ ಮೇಲ್ಮನವಿ ನ್ಯಾಯಮಂಡಳಿಗೆ 45 ದಿನ. ಅಲ್ಲಿಂದ ಸರ್ವೋಚ್ಚ ನ್ಯಾಯಾಲಯಕ್ಕೆ 60 ದಿನ.

4. ಬಿಲ್ಲಿನ ತಕರಾರು: ವಿದ್ಯುಚ್ಛಕ್ತಿ ಕಾಯಿದೆಯ 42ನೆಯ ಕಲಮಿನಂತೆ ಗ್ರಾಹಕ ಕುಂದುಕೊರತೆ ನಿವಾರಣಾ ವೇದಿಕೆಯೂ ಅದರ ಮೇಲೆ ಓಂಬುಡ್ಸ್‌ಮನ್ ಅವರೂ ಇದ್ದಾರೆ. ಕೇಂದ್ರದ 2020ರ ಗ್ರಾಹಕ ಹಕ್ಕು ನಿಯಮಗಳು ದೂರಿನ ಇತ್ಯರ್ಥಕ್ಕೆ 45 ದಿನಗಳ ಗರಿಷ್ಠ ಮಿತಿಯನ್ನು ಹೇಳುತ್ತವೆ.

5. ಹಳೆಯ ಬಾಕಿ: 56(2)ನೆಯ ಕಲಮಿನಂತೆ, ಬಾಕಿಯೆಂದು ನಿರಂತರವಾಗಿ ತೋರಿಸದ ಮೊತ್ತವನ್ನು ಅದು ಮೊದಲು ಸಲ್ಲತಕ್ಕದ್ದಾದ ದಿನದಿಂದ ಎರಡು ವರ್ಷಗಳ ಬಳಿಕ ವಸೂಲು ಮಾಡುವಂತಿಲ್ಲ. ಆದರೆ 2020ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಇದಕ್ಕೆ ಮಿತಿಯನ್ನು ಹೇಳಿತು: ತಪ್ಪಾಗಿ ಕಡಿಮೆ ಬಿಲ್ಲಾಗಿದ್ದಲ್ಲಿ ಸಂಪರ್ಕ ಕಡಿತದ ಅಸ್ತ್ರವನ್ನು ಬಳಸುವಂತಿಲ್ಲ, ಆದರೆ ಕಾನೂನಿನ ಅನ್ಯ ಮಾರ್ಗದಲ್ಲಿ ವಸೂಲಿಗೆ ಅಡ್ಡಿಯಿಲ್ಲ. ಆದುದರಿಂದ ಹಳೆಯ ಬಿಲ್ಲುಗಳನ್ನು ಎರಡೇ ವರ್ಷಕ್ಕೆ ಎಸೆಯುವುದು ಸಲ್ಲದು.

6. ಅನಧಿಕೃತ ಬಳಕೆಯ ಆರೋಪ: 126ನೆಯ ಕಲಮಿನಡಿ ತಾತ್ಕಾಲಿಕ ನಿರ್ಧರಣೆಯ ಆದೇಶ ಬಂದರೆ ಕೂಡಲೇ ಲಿಖಿತ ಆಕ್ಷೇಪಣೆ ಸಲ್ಲಿಸಬೇಕು. ನಿರ್ಧರಣೆಯು ದರದ ಎರಡರಷ್ಟು ಆಗಿರುತ್ತದೆ. ಅಂತಿಮ ಆದೇಶದ ಮೇಲೆ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸುವಾಗ ಅರ್ಧ ಮೊತ್ತವನ್ನು ಠೇವಣಿಯಿಡಬೇಕು. ಈ ವಿಷಯದಲ್ಲಿ ಸಿವಿಲ್ ನ್ಯಾಯಾಲಯಕ್ಕೆ ಅಧಿಕಾರವಿಲ್ಲ. ಅಲ್ಲಿ ದಾವೆ ಹೂಡಿ ಕಾಲ ಕಳೆದವರು ಮೇಲ್ಮನವಿಯ ಅವಧಿಯನ್ನೂ ಕಳೆದುಕೊಳ್ಳುತ್ತಾರೆ.

ಸಂಘಟಿತ ಪ್ರಯತ್ನದ ಅಗತ್ಯ

ಒಬ್ಬ ಸಣ್ಣ ಉದ್ಯಮಿಯು ಪ್ರತಿಯೊಂದು ಪ್ರಕಟಣೆಯನ್ನೂ ಓದಿ, ನೂರಾರು ಪುಟಗಳ ದರದ ಅರ್ಜಿಯನ್ನು ಪರಿಶೀಲಿಸಿ, ಬೆಂಗಳೂರಿಗೋ ಚೆನ್ನೈಗೋ ಹೋಗಿ ವಾದಿಸುವುದು ಅಸಾಧ್ಯ. ಆದರೆ ವರ್ತಕರ ಸಂಸ್ಥೆಗಳಿಗೆ ಇದು ಅಸಾಧ್ಯವಲ್ಲ. ತಾಲೂಕು ಮಟ್ಟದ ಸಂಘಗಳು ಇಂಧನ ವಿಷಯಕ್ಕೆ ಒಂದು ಉಪಸಮಿತಿಯನ್ನು ನೇಮಿಸಿ, ಸದಸ್ಯರ ಬಿಲ್ಲುಗಳನ್ನೂ ವಿದ್ಯುತ್ ಕಡಿತದ ದಿನಚರಿಯನ್ನೂ ಕ್ರೋಡೀಕರಿಸಿದರೆ ಆಯೋಗದ ಮುಂದೆ ಅಂಕಿಅಂಶಗಳೊಡನೆ ಮಾತನಾಡಬಹುದು. ನಂದಿಕೂರಿನ ಸಮಿತಿಯು ದೊಡ್ಡ ಬಂಡವಾಳವುಳ್ಳದ್ದಲ್ಲ. ಅದು ಹಾನಿಯನ್ನು ನ್ಯಾಯಮಂಡಳಿಯ ದಾಖಲೆಗೆ ತಂದದ್ದು ಬಿಡದೆ ಬೆನ್ನುಹಿಡಿದುದರಿಂದ.

ಶಂಕರಪುರದ ಮಲ್ಲಿಗೆ ಕಟ್ಟೆಯಲ್ಲಿ ದರವು ಗೊತ್ತಾಗುವ ಹೊತ್ತಿಗೆ ಹೂವು ತಲುಪದಿದ್ದರೆ ಅಂದಿನ ವ್ಯಾಪಾರವು ತಪ್ಪಿತೆಂದೇ ಅರ್ಥ. ಮರುದಿನ ತಂದ ಹೂವಿಗೆ ಹಿಂದಿನ ದಿನದ ದರವನ್ನು ಯಾರೂ ಕೊಡುವುದಿಲ್ಲ. ಇನ್ನಂಜೆಯ ಸುತ್ತಲಿನ ವರ್ತಕರಿಗೆ ಇದು ಹೊಸತಾಗಿ ಹೇಳಬೇಕಾದ ಮಾತಲ್ಲ. ವಿದ್ಯುತ್ ನೀತಿಯ ವಿಷಯದಲ್ಲಿಯೂ ಅದೇ ಎಚ್ಚರವನ್ನು ವಹಿಸಿ, ಮುಂದಿನ ದರದ ಅರ್ಜಿಯು ಪ್ರಕಟವಾಗುವ ಮುನ್ನವೇ ಸದಸ್ಯರು ತಮ್ಮ ಲೆಕ್ಕಪತ್ರಗಳನ್ನು ಸಿದ್ಧವಾಗಿಟ್ಟುಕೊಳ್ಳುವುದು ಅವಶ್ಯ.